ಎರಡಡಿ ಆಳದ ಬೆರಗು

ಬಯಲುಸೀಮೆಯ ನೆಲ ಮಾತಾಡುತ್ತದೆ. ಕೇಳಬೇಕೆಂದರೆ ಕೈಯಲ್ಲೊಂದು ಹಾರೆ ಇರಬೇಕು. ಎರಡೂ ಕೈಯಲ್ಲಿ ಎತ್ತಿ ನೆಟ್ಟಗೆ ನೆಲಕ್ಕೆ ಬಿಟ್ಟಾಗ ‘ದಬ್’ ಎಂದರೆ ಮಣ್ಣು. ‘ಕರಕ್’ ಎಂದರೆ ಗರಸು. ‘ಠಣ್’ ಎಂದು ಅಂಗೈ ಜುಮ್ಮೆಂದರೆ ಕಲ್ಲು. ಆ ಕಲ್ಲಿನಲ್ಲೂ ಎರಡು ಬಗೆ. ಮಣ್ಣಿನ ನಡುವೆ ಹುದುಗಿಕೊಂಡ ಬಿಡಿ ಗುಂಡಾದರೆ ದನಿ ಮೊಂಡಾಗಿರುತ್ತದೆ, ಹಾರೆಯ ಮೊನೆಯಿಂದ ಮೀಟಿದರೆ ಅಲ್ಲಾಡುತ್ತದೆ. ಬೇರೂರಿದ ಬಂಡೆಯಾದರೆ ದನಿ ನೀಳ, ಹಾರೆ ಹೊಡೆದಷ್ಟೇ ಜೋರಾಗಿ ಹಿಂದಕ್ಕೆ ನೆಗೆಯುತ್ತದೆ. ಗುಣಿ ತೋಡಿ ಪಳಗಿದವರು ಈ ದನಿ ಕೇಳಿಯೇ ಗುಣಿಯನ್ನು ಅಲ್ಲೇ ಮುಂದುವರಿಸಬೇಕೋ ಅರ್ಧ ಅಡಿ ಪಕ್ಕಕ್ಕೆ ಸರಿಸಬೇಕೋ ಹೇಳಿಬಿಡುತ್ತಾರೆ. ಕಣ್ಣಿಗೆ ಕಾಣದ್ದನ್ನು ಕಿವಿ ಕಂಡುಕೊಳ್ಳುವ ಈ ವಿದ್ಯೆಯನ್ನು ಯಾವ ಶಾಲೆಯೂ ಅವರಿಗೆ ಕಲಿಸಿದ್ದಲ್ಲ.

ಮಧುಗಿರಿ ಕಡೆಯ ಹೊಲವೊಂದರಲ್ಲಿ ದನಗಳಿಗೆ ಕೊಟ್ಟಿಗೆ ಎಬ್ಬಿಸುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೆ. ಕಲ್ಲುಕೂಚದ ಕಂಬ, ಅದರ ಮೇಲೆ ಮರದ ತೊಲೆ, ಮೇಲಕ್ಕೆ ಶೀಟು. ಇಡೀ ಕೊಟ್ಟಿಗೆಯಲ್ಲಿ ಕಷ್ಟದ ಕೆಲಸ ಯಾವುದೆಂದರೆ ಕಣ್ಣಿಗೆ ಕಾಣದೆ ಹೋಗುವುದೇ: ಗುಣಿ. ಏಳಡಿಯ ಕೂಚ ಗಾಳಿಗೂ ದನ ಮೈಯುಜ್ಜುವುದಕ್ಕೂ ಜಗ್ಗದೆ ನಿಲ್ಲಬೇಕಾದರೆ ಎರಡಡಿಯಾದರೂ ನೆಲದೊಳಗೆ ಇಳಿದಿರಬೇಕು. ಎರಡಡಿ ಎಂದರೆ ಕೇಳುವುದಕ್ಕೆ ಏನೂ ಅಲ್ಲ. ಮೆಕ್ಕಲು ಮಣ್ಣಿನ ಸೀಮೆಯಲ್ಲಾದರೆ ಒಂದು ಗಳಿಗೆಯ ಕೆಲಸ. ಈ ನೆಲದಲ್ಲಿ ಆ ಎರಡಡಿಯೊಳಗೆ ಏನೇನು ಅಡಗಿದೆ ಎಂದು ನೋಡುತ್ತ ಹೋದವನಿಗೆ ಅದು ಬಲು ದೂರದ ಪ್ರಯಾಣ. ಆ ದೂರದ ಬಗ್ಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಗುಣಿಗೆ ಮೊದಲು ಗುರುತು. ನಾಲ್ಕು ಮೂಲೆಗೆ ನಾಲ್ಕು ಗೂಟ, ನಡುವೆ ದಾರ. ಮೂಲೆ ಮಟ್ಟ ಬಂದಿದೆಯೇ ಎಂದು ನೋಡಲು ಒಂದು ದಾರದ ಮೇಲೆ ಮೂರು ಅಡಿಗೆ ಗುರುತು, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು; ಎರಡು ಗುರುತುಗಳ ನಡುವಿನ ಅಂತರ ಸರಿಯಾಗಿ ಐದು ಅಡಿ ಬಂದರೆ ಮೂಲೆ ನೇರ. ಗಾರೆ ಕೆಲಸದವರೆಲ್ಲ ಇದನ್ನು ಬಲ್ಲರು. ಯಜ್ಞವೇದಿಯನ್ನು ಗೂಟ ಮತ್ತು ಹಗ್ಗದಿಂದ ಅಳೆದು ಕಟ್ಟುವ ಬಗೆಯನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ ಇದೇ ಲೆಕ್ಕವಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ವೇದಿಗೂ ಮಧುಗಿರಿಯ ಕೊಟ್ಟಿಗೆಗೂ ಮೂಲೆ ಒಂದೇ. ದಾರ ಎಳೆದು ಕಟ್ಟಿದವನಿಗೆ ಪೈಥಾಗೊರಸನ ಹೆಸರು ಗೊತ್ತಿರಲಿ, ಬಿಡಲಿ, ಮೂರು ನಾಲ್ಕು ಐದರ ಸತ್ಯ ಅವನ ಬೆರಳಿನಲ್ಲಿ ಬಿಗಿಯಾಗಿ ನಿಂತಿರುತ್ತದೆ.

ಹಾರೆ ಬಿದ್ದಲ್ಲಿ ಮೊದಲು ಸಿಗುವುದು ಕೆಂಪು ಮಣ್ಣು. ಕಡಲೆಕಾಯಿ ರಾಗಿ ಬೆಳೆದ ಮಣ್ಣು; ಗೇಣುದ್ದವೂ ಇರುವುದಿಲ್ಲ. ಅದರ ಕೆಳಗೆ ಗರಸು. ಗರಸನ್ನು ಬಾಣಲಿಗೆ ತುಂಬಿ ಸುರಿದುಬಿಡುವ ಮೊದಲು ಒಂದು ಹಿಡಿ ಅಂಗೈಮೇಲೆ ಹಾಕಿಕೊಂಡು ಬಿಸಿಲಿಗೆ ಹಿಡಿಯಬೇಕು. ಗಾಜಿನ ಹೊಳಪಿನ ಹರಳುಗಳಿರುತ್ತವೆ, ಅವು ಬೆಣಚುಕಲ್ಲಿನ ಚೂರು. ಉಗುರಿನಿಂದ ಕೆರೆದರೆ ಬಿಳಿ ಪುಡಿಯಾಗುವ ಕಣಗಳಿರುತ್ತವೆ, ಅವು ಒಂದು ಕಾಲಕ್ಕೆ ಗಟ್ಟಿ ಫೆಲ್ಡ್‌ಸ್ಪಾರ್ ಆಗಿದ್ದವು. ನಡುನಡುವೆ ಮಿಣುಕುವ ತೆಳು ಹಾಳೆಗಳು, ನಾವು ಚಿಕ್ಕಂದಿನಲ್ಲಿ ಕಾಗೆ ಬಂಗಾರ ಎಂದು ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಿದ್ದ ಅಭ್ರಕ. ಕೆಳಗಿರುವ ಬಂಡೆಯೇ ಬಿಡಿಬಿಡಿಯಾಗಿ ಬಂದು ಅಂಗೈಮೇಲೆ ಕೂತಿದೆ.

ಬಂಡೆಯನ್ನು ಹೀಗೆ ಬಿಡಿಸಿದ್ದು ಮಳೆನೀರು. ಮಳೆಹನಿ ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಕರಗಿಸಿಕೊಂಡು ಬರುತ್ತದೆ. ಮಣ್ಣಿಗಿಳಿದ ಮೇಲೆ ಬೇರುಗಳ ಉಸಿರಿನಿಂದ ಇನ್ನಷ್ಟು ಕರಗಿಸಿಕೊಳ್ಳುತ್ತದೆ. ನಾಲಿಗೆಗೆ ತಿಳಿಯದಷ್ಟು ಸೌಮ್ಯವಾದ ಆ ಹುಳಿಗೆ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ. ಕಲ್ಲಿನೊಳಗಿದ್ದ ಕಬ್ಬಿಣ ಗಾಳಿ ಕಂಡು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಕೊಡುತ್ತದೆ. ಬೆಣಚುಕಲ್ಲು ಮಾತ್ರ ಯಾವುದಕ್ಕೂ ಬಗ್ಗದೆ ಮರಳಾಗಿ ಉಳಿಯುತ್ತದೆ. ಹೀಗೆ ಒಂದಡಿ ಮಣ್ಣು ಹುಟ್ಟಲು ಸಾವಿರಾರು ವರ್ಷ ಬೇಕು. ಒಂದು ಜೋರು ಮಳೆ ಬದುವಿಲ್ಲದ ಹೊಲದಿಂದ ಕೊಚ್ಚಿಕೊಂಡು ಹೋಗುವ ಮಣ್ಣನ್ನು ಮುಂದೆಂದೂ ಬರೀ ಕೆಸರು ಎಂದುಕೊಳ್ಳಲು ನನಗಾಗಲಿಲ್ಲ.

ಗರಸಿನ ಕೆಳಗೆ ಇನ್ನೊಂದು ಪದರವಿದೆ, ಇದು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ನೋಡಲು ಪಕ್ಕಾ ಕಲ್ಲು. ಕಣಗಳ ಜೋಡಣೆ, ಗುಲಾಬಿ ಬಣ್ಣದ ಹರಳು, ಅಡ್ಡಹಾದ ಬಿಳಿ ಗೀರು, ಎಲ್ಲವೂ ಬಂಡೆಯಲ್ಲಿ ಇದ್ದಂತೆಯೇ ಇವೆ. ಕೈಗೆತ್ತಿಕೊಂಡು ಹಿಸುಕಿದರೆ ಪುಡಿ. ಕಲ್ಲು ತನ್ನ ರೂಪವನ್ನೆಲ್ಲ ಉಳಿಸಿಕೊಂಡೇ ಗಟ್ಟಿತನವನ್ನು ಬಿಟ್ಟುಕೊಟ್ಟಿದೆ. ಯಾವುದನ್ನು ನಾವು ಸ್ಥಿರ ಎನ್ನಲು ಉಪಮೆಯಾಗಿ ಬಳಸುತ್ತೇವೋ ಆ ಕಲ್ಲೇ ಇಲ್ಲಿ ಮಣ್ಣಾಗುವ ದಾರಿಯ ಅರ್ಧದಲ್ಲಿ ನಿಂತಿದೆ. ಅದರ ಮೇಲೆ ಹೊಲ, ಹೊಲದ ಮೇಲೆ ರಾಗಿ, ರಾಗಿಯಿಂದ ನಾವು. ನಮ್ಮ ಮೂಳೆಯಲ್ಲಿರುವ ಸುಣ್ಣ, ರಕ್ತದಲ್ಲಿರುವ ಕಬ್ಬಿಣ ಇಂಥ ಯಾವುದೋ ಬಂಡೆ ಸಡಿಲಗೊಂಡಿದ್ದರಿಂದಲೇ ನಮಗೆ ದಕ್ಕಿದ್ದು.

ಬೇಸಿಗೆಯಲ್ಲಿ ಗರಸು ಬಿಗಿದುಕೊಂಡುಬಿಡುತ್ತದೆ. ಹಾರೆ ಹೊಡೆದಷ್ಟೂ ಬೆರಳಗಲದ ಚಕ್ಕೆ ಏಳುತ್ತದೆಯೇ ಹೊರತು ಗುಣಿ ಇಳಿಯುವುದಿಲ್ಲ. ಕೆಲಸಕ್ಕೆ ಬಂದಿದ್ದ ಊರಿನ ಹಿರಿಯರೊಬ್ಬರು ಹೊತ್ತಿಳಿಯುತ್ತಿದ್ದಂತೆ ಹಾರೆ ಒರಗಿಸಿಟ್ಟು, “ಇವತ್ತಿಗೆ ಸಾಕು ಕಣಪ್ಪ. ಗುಣಿಗೊಂದು ಕೊಡ ನೀರು ಹುಯ್ದು ಮನೀಕೊ. ರಾತ್ರೆಲ್ಲಾ ನೀರು ಕೆಲ್ಸ ಮಾಡ್ತದೆ” ಎಂದರು. ಬೆಳಗ್ಗೆ ನೋಡಿದರೆ ಅವರು ಹೇಳಿದ್ದು ನಿಜ, ಗರಸು ಮೆತ್ತಗಾಗಿ ಸನಿಕೆಗೆ ಬರುತ್ತಿತ್ತು. ಆದರೆ ಎಲ್ಲ ಗುಣಿಗಳೂ ಒಂದೇ ಆಗಿರಲಿಲ್ಲ. ಹತ್ತಡಿ ದೂರದ ಎರಡು ಗುಣಿಗಳಲ್ಲಿ ಒಂದು ನೀರನ್ನೆಲ್ಲ ಹೀರಿಕೊಂಡು ಒಣಗಿತ್ತು, ಇನ್ನೊಂದರಲ್ಲಿ ನೀರು ಹಾಗೇ ನಿಂತು ಅದರಲ್ಲಿ ಆಕಾಶ ಕಾಣುತ್ತಿತ್ತು.

“ಯಾಕೆ ತಾತ, ಒಂದೇ ನೆಲ ಅಲ್ಲವಾ?” ಎಂದೆ.

“ಅದಕ್ಕೆ ದಾರಿ ಐತೆ, ಇದಕ್ಕಿಲ್ಲ” ಎಂದರು.

ಬಯಲುಸೀಮೆಯ ನೀರಿನ ಕತೆಯೆಲ್ಲ ಈ ಮಾತಿನಲ್ಲಿದೆ. ಗ್ರಾನೈಟಿನ ಮೈಯೊಳಗೆ ನೀರು ನಿಲ್ಲಲು ಎಡೆಯಿಲ್ಲ. ನೀರು ಇರುವುದು ಮೇಲಿನ ಗರಸಿನಲ್ಲಿ, ಇಲ್ಲವೇ ಬಂಡೆಯ ಬಿರುಕುಗಳಲ್ಲಿ. ಬಿರುಕು ಸಿಕ್ಕ ಬೋರ್‌ವೆಲ್ ನೀರು ಕೊಡುತ್ತದೆ. ಹತ್ತು ಮಾರು ಆಚೆ ಸಾವಿರ ಅಡಿ ಕೊರೆದರೂ ಬರೀ ಧೂಳು ಎದ್ದೀತು. ಸಾಲ ಮಾಡಿ ಕೊರೆಸಿದ ರೈತ ಆ ಧೂಳಿನ ಮುಂದೆ ನಿಂತಿರುವುದನ್ನು ಈ ಕಡೆಯವರೆಲ್ಲ ನೋಡಿದ್ದೇವೆ. ನಮ್ಮ ಹಿರಿಯರು ನದಿಯಿಲ್ಲದ ಸೀಮೆಯಲ್ಲಿ ಕೆರೆಯ ಹಿಂದೆ ಕೆರೆ ಕಟ್ಟಿದ್ದರ ಅರ್ಥ ನನಗೆ ಪುಸ್ತಕದಲ್ಲಿ ಓದಿದಾಗ ತಿಳಿದಿತ್ತು. ಗುಣಿಯೊಂದು ರಾತ್ರಿಯಿಡೀ ನೀರು ಕುಡಿದದ್ದನ್ನು ಕಂಡಾಗ ಮನಸ್ಸಿಗೆ ಇಳಿಯಿತು. ನಿಂತ ನೀರು ಕಾದು ಕಾದು ಬಂಡೆಯೊಳಗಿನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಕೆರೆ ಎಂದರೆ ನೀರಿಗೆ ಆ ಕಾಯುವ ಪುರುಸೊತ್ತು ಕೊಡುವುದು.

ನೀರಿಗೆ ತಿಳಿದ ದಾರಿ ಬೇರಿಗೂ ತಿಳಿದಿದೆ. ಒಂದು ಗುಣಿಯ ಗೋಡೆಯಲ್ಲಿ ಬಂಡೆಯ ಸೀಳಿನೊಳಗೆ ಹೊಕ್ಕ ಹುಣಸೆಯ ಬೇರು ಸಿಕ್ಕಿತು. ಮಣ್ಣಿನಲ್ಲಿ ದುಂಡಗಿದ್ದದ್ದು ಸೀಳಿನೊಳಗೆ ಲಾಡಿಯಂತೆ ಚಪ್ಪಟೆಯಾಗಿ, ಸೀಳು ಎಷ್ಟು ಎಡೆ ಕೊಟ್ಟಿತ್ತೋ ಅಷ್ಟನ್ನೇ ಮೈಯಾಗಿ ಮಾಡಿಕೊಂಡಿತ್ತು. ಮರ ಇದ್ದದ್ದು ಅಲ್ಲಿಂದ ಸಾಕಷ್ಟು ದೂರದಲ್ಲಿ. ಇನ್ನೊಂದರಲ್ಲಿ ಮಣ್ಣಿನ ಜೊತೆಗೇ ಮೇಲೆ ಬಂದದ್ದು ಒಂದು ದುಂಡು ಕಪ್ಪೆ. ಮಳೆಗಾಲ ಮುಗಿದಾಗ ಹಿಂಗಾಲಿನಿಂದ ಮಣ್ಣು ತೋಡುತ್ತ ಹಿಮ್ಮುಖವಾಗಿ ಕೆಳಗಿಳಿದು, ಬೇಸಿಗೆಯನ್ನೆಲ್ಲ ನೆಲದೊಳಗೆ ಕಳೆಯುವ ಕಪ್ಪೆಗಳಿವೆ. ಮುಂಗಾರಿನ ಮೊದಲ ಮಳೆಗೆ ಎಲ್ಲಿಂದಲೋ ಎಂಬಂತೆ ಎದ್ದು ಬಂದು ವಟಗುಟ್ಟುವವು ಅವೇ. ತಾತ ಅದನ್ನು ಸನಿಕೆಯಲ್ಲಿ ಎತ್ತಿಕೊಂಡು ಹೋಗಿ ಬೇಲಿಯ ನೆರಳಿನ ಹಸಿಮಣ್ಣಲ್ಲಿ ಬಿಟ್ಟು, ಮೇಲೊಂದು ಹಿಡಿ ತರಗು ಮುಚ್ಚಿ ಬಂದರು. ಗುಣಿ ತೋಡುವವನೂ ಗುಣಿ ತೋಡುವ ಕಪ್ಪೆಯೂ ಒಂದೇ ನೆಲದ ಗಟ್ಟಿತನವನ್ನು ಬಲ್ಲವರು.

ಕೊನೆಗೆ ಬಂಡೆ ಸಿಕ್ಕೇ ಸಿಗುತ್ತದೆ. ಅಲ್ಲಿ ಹಾರೆ ನಿಲ್ಲುತ್ತದೆ, ಉಳಿ ಸುತ್ತಿಗೆ ಬರುತ್ತವೆ. ಕಲ್ಲು ಕೆಲಸ ಬಲ್ಲವರು ಬಂಡೆ ಯಾವ ದಿಕ್ಕಿಗೆ ಸೀಳುತ್ತದೆ ಎಂಬುದನ್ನು ಕೈಸವರಿ, ಒಂದೆರಡು ಏಟು ಹಾಕಿ ತಿಳಿದುಕೊಳ್ಳುತ್ತಾರೆ. ಆ ದಿಕ್ಕಿಗೆ ಸಾಲಾಗಿ ಕುಳಿ ಹೊಡೆದು ಬೆಣೆ ಇಟ್ಟು ಒಂದಾದ ಮೇಲೊಂದರಂತೆ ಸುತ್ತಿಗೆಯಲ್ಲಿ ಹೊಡೆಯುತ್ತ ಹೋಗುತ್ತಾರೆ. ಎಲ್ಲ ಬೆಣೆಗಳಿಗೂ ಬಿಗಿ ಸಮನಾದಾಗ ಒಂದು ಸಣ್ಣ ಸದ್ದಿನೊಂದಿಗೆ ಕಲ್ಲು ಬಾಯಿಬಿಡುತ್ತದೆ. ಹೊಸದಾಗಿ ಒಡೆದ ಆ ಮುಖವನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಗುಲಾಬಿ ಫೆಲ್ಡ್‌ಸ್ಪಾರ್‌ನ ಒಂದೊಂದು ಹರಳೂ ಬೆರಳ ತುದಿಯಷ್ಟು ದಪ್ಪ. ನಡುವೆ ಬೂದುಬಣ್ಣದ ಬೆಣಚು, ಕಪ್ಪು ಅಭ್ರಕ. ಒಂದಕ್ಕೊಂದು ಎಡೆಯಿಲ್ಲದೆ ಹೆಣೆದುಕೊಂಡಿವೆ.

ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರಿನಿಂದಲೇ ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ರಾಮನಗರದ ಬೆಟ್ಟಗಳು, ಶಿವಗಂಗೆ, ಮಧುಗಿರಿಯ ಏಕಶಿಲೆ ಎಲ್ಲ ಇದೇ ಕಲ್ಲಿನವು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದ ಈ ಪಟ್ಟಿ ಹಬ್ಬಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಕಲ್ಲಿನೊಳಗಿನ ಜಿರ್ಕಾನ್ ಎಂಬ ಮರಳಿಗಿಂತ ಸಣ್ಣ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ಇಂಥ ವಯಸ್ಸನ್ನು ಓದುತ್ತಾರೆ. ಆ ಗುಲಾಬಿ ಹರಳಿನಲ್ಲೂ ಗಡಿಯಾರವೊಂದಿದೆ. ಅದರಲ್ಲಿರುವ ಪೊಟ್ಯಾಸಿಯಂನ ಒಂದು ಅತಿ ಸಣ್ಣ ಪಾಲು ವಿಕಿರಣಶೀಲ. ಸುಮಾರು 125 ಕೋಟಿ ವರ್ಷಕ್ಕೊಮ್ಮೆ ಆ ಪಾಲು ಅರ್ಧವಾಗುತ್ತದೆ. ಕಲ್ಲು ಹೆಪ್ಪುಗಟ್ಟಿದಾಗ ಇದ್ದುದರಲ್ಲಿ ಈಗ ಉಳಿದಿರುವುದು ಕಾಲು ಭಾಗ. ಉಳಿ ಹಿಡಿದು ಕೂತಿದ್ದಾಗಲೂ ಆ ಗಡಿಯಾರ ನಡೆಯುತ್ತಲೇ ಇತ್ತು.

ಹರಳುಗಳು ಇಷ್ಟು ದಪ್ಪ ಬೆಳೆದಿವೆ ಎಂದರೆ ಕರಗಿದ ಕಲ್ಲು ಬಹಳ ನಿಧಾನವಾಗಿ ಆರಿದೆ. ಅಷ್ಟು ನಿಧಾನವಾಗಿ ಆರಬೇಕಾದರೆ ಅದು ನೆಲದ ಹಲವು ಕಿಲೋಮೀಟರ್ ಕೆಳಗೆ ಇದ್ದಿರಬೇಕು. ಹಾಗಾದರೆ ಮೇಲಿದ್ದ ಅಷ್ಟೂ ಕಲ್ಲು ಎಲ್ಲಿ ಹೋಯಿತು? ಗರಸಾಯಿತು, ಮಣ್ಣಾಯಿತು, ಮರಳಾಯಿತು, ಹರಿದು ಹೋಯಿತು. ಆ ಕೆಲಸ ಈಗಲೂ ನಡೆಯುತ್ತಿದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ಸೀಮೆಯ ಮಣ್ಣನ್ನು ಉತ್ತರ ಪಿನಾಕಿನಿಗೆ ಒಪ್ಪಿಸುತ್ತದೆ, ಪಿನಾಕಿನಿ ಅದನ್ನು ಬಂಗಾಳ ಕೊಲ್ಲಿಗೆ ಒಯ್ಯುತ್ತದೆ. ನಾವು ಎರಡಡಿ ಇಳಿಯಲು ಬೆವರು ಸುರಿಸುವ ಜಾಗದಲ್ಲಿ ಮಳೆ ಕಿಲೋಮೀಟರುಗಟ್ಟಲೆ ಅಗೆದು ಮುಗಿಸಿದೆ. ಆ ಅಗೆತ ನಿಂತಿಲ್ಲವಾದ್ದರಿಂದಲೇ ಆಳದಲ್ಲಿ ಹುಟ್ಟಿದ ಈ ಕಲ್ಲು ನಮ್ಮ ಹಾರೆಯ ಮೊನೆಗೆ ಸಿಕ್ಕಿದ್ದು.

ಈ ಕಲ್ಲು ಆರಿದ ಕಾಲಕ್ಕೆ ಭೂಮಿಯ ಮೇಲೆ ಹುಲ್ಲಿಲ್ಲ, ಮರವಿಲ್ಲ, ಹುಳವಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಆ ಸೂಕ್ಷ್ಮಜೀವಿಗಳೇ ಬಿಸಿಲು ಕುಡಿದು ಆಮ್ಲಜನಕ ಬಿಟ್ಟು ಗಾಳಿಯನ್ನು ಬದಲಿಸಿದವು. ಗುಣಿಯ ಮೇಲಿನ ಮಣ್ಣು ಕೆಂಪಾದದ್ದು ಆ ಆಮ್ಲಜನಕದಿಂದ. ಕೆಳಗಿನ ಬಂಡೆ ಹುಟ್ಟಿದ್ದು ಅದು ಇಲ್ಲದ ಕಾಲದಲ್ಲಿ. ಎರಡಡಿ ಗುಣಿಯ ಗೋಡೆಯಲ್ಲಿ ಉಸಿರಾಟಕ್ಕೆ ಮೊದಲಿನ ಭೂಮಿಯೂ ಉಸಿರಾಟದ ನಂತರದ ಭೂಮಿಯೂ ಒಂದರ ಮೇಲೊಂದು ಕೂತಿವೆ. ಒಡೆದ ಕಲ್ಲಿನ ಒಳಮುಖ ಅಷ್ಟು ವರ್ಷ ಬೆಳಕು ಕಂಡಿರಲಿಲ್ಲ. ಅದರ ಮೇಲೆ ಬಿದ್ದ ಮೊದಲ ಬಿಸಿಲನ್ನು ನೋಡಿದವರು ನಾವು. ಇದಕ್ಕಿಂತ ದೊಡ್ಡ ದರ್ಶನಕ್ಕೆ ಎಲ್ಲಿಗೆ ಹೋಗಬೇಕು?

ಆ ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳು ಗುಣಿಯಿಂದ ಬಂದ ಎರಡು ಬೆಣಚುಕಲ್ಲು ಹಿಡಿದು ಕತ್ತಲಲ್ಲಿ ಕೂತಿದ್ದರು. ಒಂದಕ್ಕೊಂದು ಜೋರಾಗಿ ಉಜ್ಜಿದಾಗ ಕಲ್ಲಿನ ಒಳಗೇ ಮಸುಕು ಹಳದಿ ಬೆಳಕು ಮಿನುಗುತ್ತದೆ, ಸುಟ್ಟಂಥ ವಾಸನೆ ಬರುತ್ತದೆ. ಹರಳು ಮುರಿಯುವಾಗ ಅದರೊಳಗಿನ ಬಲ ಬೆಳಕಾಗುವುದು ಇದು. ಮಕ್ಕಳಿಗೆ ಅದರ ವಿಜ್ಞಾನ ಬೇಕಿರಲಿಲ್ಲ, “ಇನ್ನೊಂದ್ಸಲ, ಇನ್ನೊಂದ್ಸಲ” ಎನ್ನುತ್ತಿದ್ದರು. ವಿಜ್ಞಾನ ತಿಳಿದಿದ್ದ ನಾನೂ ಅದನ್ನೇ ಹೇಳುತ್ತಿದ್ದೆ. ತಿಳಿವಳಿಕೆ ಬಂದಲ್ಲಿ ಬೆರಗು ಹೋಗುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಗರಸು ಎಂದರೇನು ಎಂದು ತಿಳಿಯದಿದ್ದಾಗ ಅದು ನನಗೆ ಗರಸು, ಅಷ್ಟೆ. ತಿಳಿದ ಮೇಲೆ ಒಂದು ಹಿಡಿಯನ್ನೂ ಸುಮ್ಮನೆ ಚೆಲ್ಲಲಾರೆ.

ಗುಣಿ ಸಿದ್ಧವಾದ ಮೇಲೆ ಕೂಚ ಇಳಿಸುವುದು. ನಾಲ್ಕು ಜನ ಹೆಗಲು ಕೊಟ್ಟು, ಹಗ್ಗ ಹಾಕಿ, ಬುಡವನ್ನು ಗುಣಿಯ ಅಂಚಿಗೆ ತಂದು ನಿಧಾನವಾಗಿ ಎಬ್ಬಿಸಬೇಕು. ಕೂಚದ ಒಂದು ಅಂಚಿನಲ್ಲಿ ಬೆಣೆ ಹೊಡೆದ ಅರ್ಧ ಕುಳಿಗಳ ಸಾಲು ಇರುತ್ತದೆ. ಇದರ ಜೊತೆಯ ಇನ್ನರ್ಧ ಇನ್ನೆಲ್ಲೋ ಯಾರದೋ ಬೇಲಿಯಲ್ಲಿ ನಿಂತಿರುತ್ತದೆ. ತೂಕದ ಗುಂಡು ಬಿಟ್ಟು ಎರಡು ಕಡೆಯಿಂದ ನೋಡಿ ನೇರ ಮಾಡಬೇಕು. ಆಮೇಲೆ ಸುತ್ತ ತುಂಬಲು ಸಿಮೆಂಟಿಗೆ ಮೊದಲೇ ಒದಗುವುದು ಗುಣಿಯಿಂದ ಬಂದ ಚಕ್ಕೆ, ಗರಸುಗಳೇ. ಒಂದು ಪದರ ಚಕ್ಕೆ, ಒಂದು ಪದರ ಗರಸು, ಒಂದಿಷ್ಟು ನೀರು, ಹಾರೆಯ ಹಿಂಬದಿಯಿಂದ ದಿಮ್ಮಸು. ತೋಡುವಾಗ ನಮ್ಮನ್ನು ತಡೆದ ಕಲ್ಲೇ ಈಗ ಕಂಬವನ್ನು ಹಿಡಿದು ನಿಲ್ಲಿಸುತ್ತದೆ. ಸುಲಭವಾಗಿ ಬಿಟ್ಟುಕೊಡುವ ನೆಲ ಕಂಬವನ್ನೂ ಅಷ್ಟೇ ಸುಲಭವಾಗಿ ಬಿಟ್ಟುಕೊಡುತ್ತದೆ. ಎದುರಾಡಿದ ನೆಲದ ಹಿಡಿತವೇ ಬೇರೆ.

ಕಂಬ ನೆಟ್ಟ ಗುಣಿಗೆ ಇನ್ನೊಂದು ಗುಣವಿದೆ. ಮರದ ಕಂಬ ಗೆದ್ದಲು ತಿಂದು ಹೋಗಬಹುದು, ಬೆಂಕಿಗೆ ಸುಟ್ಟು ಹೋಗಬಹುದು, ಯಾರೋ ಕಿತ್ತುಕೊಂಡು ಹೋಗಬಹುದು. ಗುಣಿ ಹೋಗುವುದಿಲ್ಲ. ಅದರೊಳಗೆ ಆಮೇಲೆ ತುಂಬಿದ ಮಣ್ಣಿನ ಬಣ್ಣವೂ ಬಿಗಿಯೂ ಸುತ್ತಲಿನ ನೆಲಕ್ಕಿಂತ ಬೇರೆಯಾಗಿಯೇ ಉಳಿಯುತ್ತವೆ. ಸಾವಿರಾರು ವರ್ಷಗಳ ಮೇಲೆ ಪುರಾತತ್ವದವರು ಮೇಲ್ಮಣ್ಣನ್ನು ನಯವಾಗಿ ಹೆರೆದಾಗ ಆ ದುಂಡು ಕಲೆಗಳು ಸಾಲುಸಾಲಾಗಿ ಕಾಣುತ್ತವೆ. ಕಟ್ಟಡವಿಲ್ಲದ ಕಡೆ ಕಟ್ಟಡದ ನಕ್ಷೆ ಸಿಗುವುದು ಹೀಗೆ.

ರಾಯಚೂರಿನಾಚೆ, ಈಗಿನ ತೆಲಂಗಾಣದ ಉತ್ನೂರಿನಲ್ಲೊಂದು ಬೂದಿದಿಬ್ಬವಿದೆ. ನಮ್ಮ ಬಳ್ಳಾರಿ ಸೀಮೆಯ ಕುಡತಿನಿ, ಕುಪ್ಪಗಲ್ಲುಗಳಲ್ಲೂ ಇಂಥವು ಇವೆ. ಇವು ರಾಕ್ಷಸರ ಬೂದಿ ಎಂದು ಜನ ಹೇಳಿದ್ದುಂಟು, ಜ್ವಾಲಾಮುಖಿಯ ಬೂದಿ ಎಂದು ಕೆಲವರು ಊಹಿಸಿದ್ದುಂಟು. ಸುಟ್ಟ ಸಗಣಿ ಎಂದು ಗುರುತಿಸಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮೊದಲಿಗರು. ಉತ್ನೂರಿನ ದಿಬ್ಬವನ್ನು 1957ರಲ್ಲಿ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಅಗೆದರು. ಅಲ್ಲಿ ಸಿಕ್ಕಿದ್ದು ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನದ ದೊಡ್ಡಿ. ಸುತ್ತ ನೆಟ್ಟಿದ್ದ ಮರದ ಕಂಬಗಳ ಗುಣಿಗಳು ಸಾಲಾಗಿದ್ದವು. ಒಳಗಿನ ನೆಲದಲ್ಲಿ ದನಗಳ ಗೊರಸಿನ ಗುರುತುಗಳೂ ಉಳಿದಿದ್ದವು. ದೊಡ್ಡಿ ಸುಟ್ಟಿತ್ತು, ಮತ್ತೆ ಕಟ್ಟಿದ್ದರು, ಮತ್ತೆ ಸುಟ್ಟಿತ್ತು, ಮತ್ತೆ ಗುಣಿ ತೋಡಿದ್ದರು.

ಇದನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಆ ಜನರ ಮಾತು ಯಾವುದೋ ಗೊತ್ತಿಲ್ಲ, ದೇವರು ಯಾರೋ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅವರಿಗೂ ದನಗಳಿದ್ದವು, ದನಗಳನ್ನು ರಾತ್ರಿ ಕಾಯಬೇಕಿತ್ತು, ಅದಕ್ಕಾಗಿ ದಖನ್ನಿನ ಗಟ್ಟಿ ನೆಲದಲ್ಲಿ ಗುಣಿ ತೋಡಿದರು. ಅವರ ಕೈಯಲ್ಲಿ ಕಬ್ಬಿಣದ ಹಾರೆ ಇರಲಿಲ್ಲ, ಕಲ್ಲಿನ ಹತಾರಗಳಿದ್ದವು. ರಾಜರು ಬರೆಸಿದ ಶಾಸನಗಳಿಗಿಂತ ಬಹಳ ಹಿಂದೆಯೇ ದನಗಾಹಿಗಳು ಈ ನೆಲದಲ್ಲಿ ತಮ್ಮ ಬದುಕನ್ನು ಬರೆದಿಟ್ಟರು. ಅದನ್ನು ಬರೆದದ್ದು ಗುಣಿಗಳಲ್ಲಿ. ಮೂಕ ಪ್ರಾಣಿಗೊಂದು ಆಸರೆ ಮಾಡಲು ಬೆವರು ಸುರಿಸಿದ ಗುರುತು ಕೋಟೆ ಕೊತ್ತಲಗಳಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನನಗೆ ದೊಡ್ಡ ಸಮಾಧಾನ.

ಈಗ ಗುಣಿ ತೋಡಲು ಯಂತ್ರಗಳು ಬಂದಿವೆ. ಟ್ರ್ಯಾಕ್ಟರಿಗೆ ತಿರುಪು ಕಟ್ಟಿಕೊಂಡು ಬಂದು ಬೇಲಿಗೆ ಬೇಕಾದಷ್ಟು ಗುಣಿಗಳನ್ನು ಒಪ್ಪೊತ್ತಿನಲ್ಲಿ ತೋಡಿಕೊಡುತ್ತಾರೆ. ಬಂಡೆ ಬಂದರೆ ಬ್ರೇಕರ್ ಹಚ್ಚುತ್ತಾರೆ. ಅದರಿಂದ ಎಷ್ಟೋ ಜನರ ಬೆನ್ನು ಉಳಿದಿದೆ, ಅದು ಬರಲಿ. ನನ್ನ ಆತಂಕ ಬೇರೆ. ನೆಲ ಎದುರಾಡದೆ ಹೋದಾಗ ನಾವು ಅದನ್ನು ನೋಡುವುದನ್ನು ಬಿಟ್ಟುಬಿಡುತ್ತೇವೆ. ನೋಡುವುದನ್ನು ಬಿಟ್ಟವರಿಗೆ 250 ಕೋಟಿ ವರ್ಷದ ಬೆಟ್ಟ ಲಾರಿಗಿಷ್ಟು ಎಂದು ಮಾರುವ ಜಲ್ಲಿಯಾಗಿ ಕಾಣುತ್ತದೆ, ಕೆರೆ ಖಾಲಿ ನಿವೇಶನವಾಗಿ ಕಾಣುತ್ತದೆ. ಕೊಟ್ಟಿಗೆಗೆ ಕಲ್ಲು ಬೇಕು, ಮನೆಗೆ ಜಲ್ಲಿ ಬೇಕು, ಅದನ್ನು ಅಲ್ಲಗಳೆಯಲಾರೆ. ಏನನ್ನು ತೆಗೆದುಕೊಳ್ಳುತ್ತಿದ್ದೇವೆ ಎಂದು ತಿಳಿದು ತೆಗೆದುಕೊಳ್ಳುವವನ ಕೈ ತಾನಾಗಿಯೇ ಒಂದು ಅಳತೆಯಲ್ಲಿ ನಿಲ್ಲುತ್ತದೆ. ಬೆರಗು ಮನಸ್ಸಿನ ಅಲಂಕಾರ ಮಾತ್ರವಲ್ಲ, ಕೈಗೆ ಹಾಕುವ ಕಡಿವಾಣವೂ ಹೌದು ಎಂದು ನಾನು ಕಲಿತದ್ದು ಈ ಗುಣಿಗಳಿಂದ.

ಹಾಗಾಗಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ಕೊಟ್ಟಿಗೆಗೋ ಬೇಲಿಗೋ ದ್ರಾಕ್ಷಿ ಚಪ್ಪರಕ್ಕೋ ಯಾರಾದರೂ ಗುಣಿ ತೋಡಿಸುತ್ತಿದ್ದರೆ, ಕಂಬ ಇಳಿಸುವ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ. ಗುಣಿಯ ಗೋಡೆಯಲ್ಲಿ ಎಲ್ಲಿ ಮಣ್ಣು ಮುಗಿದು ಗರಸು ಶುರುವಾಗುತ್ತದೆ, ಎಲ್ಲಿ ಗರಸು ಮುಗಿದು ಕಲ್ಲು ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಿ. ತೋಡಿದವರನ್ನು ಕೇಳಿ, ಅವರಿಗೆ ಗೊತ್ತಿರುವುದನ್ನು ಹೇಳಲಿ. ಹಾರೆಯನ್ನು ಒಮ್ಮೆ ಮಕ್ಕಳ ಕೈಗೆ ಕೊಟ್ಟು ಬಿಡಿಸಿ, ಮಣ್ಣಿನ ದನಿಗೂ ಕಲ್ಲಿನ ದನಿಗೂ ಇರುವ ಅಂತರ ಅವರ ಕಿವಿಗೆ ಬೀಳಲಿ. ತಾವು ನಿಂತ ನೆಲ ಎಷ್ಟು ಹಳೆಯದು, ಎಷ್ಟು ತೆಳು ಮಣ್ಣಿನ ಮೇಲೆ ತಮ್ಮ ಅನ್ನ ಬೆಳೆಯುತ್ತದೆ ಎಂಬುದು ಅವರಿಗೆ ಹತ್ತು ವರ್ಷಕ್ಕೇ ತಿಳಿದುಬಿಟ್ಟರೆ, ಆ ನೆಲವನ್ನು ಉಳಿಸಿಕೊಳ್ಳಿ ಎಂದು ಇಪ್ಪತ್ತರಲ್ಲಿ ಯಾರೂ ಅವರಿಗೆ ಭಾಷಣ ಮಾಡಬೇಕಾಗುವುದಿಲ್ಲ.